ಕಾಂಪೊ ಕಷಾಯದ ಮೇಲೆ ಎಂ.ಡಿ. ಪ್ರಬಂಧ: ಪುಣೆಯಲ್ಲೇ ಕೂತು ಎಷ್ಟು ಮಾಡಬಹುದು?

ದ್ರವ್ಯಗುಣ_ಕೋಥ್ರೂಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಆಯುರ್ವೇದದ ದ್ರವ್ಯಗುಣ (ಔಷಧ ದ್ರವ್ಯಗಳ ಶಾಸ್ತ್ರ) ಎಂ.ಡಿ. ಮೊದಲ ವರ್ಷ. ಜಪಾನಿನ ಕಾಂಪೊ ಪದ್ಧತಿಯ ಒಂದು ಕಷಾಯವನ್ನು ಅವರ ವಿಧಾನದಲ್ಲೂ ನಮ್ಮ ಕ್ವಾಥ ವಿಧಾನದಲ್ಲೂ ತಯಾರಿಸಿ ಹೋಲಿಸುವ ವಿಷಯಕ್ಕೆ ಗೈಡ್ ಒಪ್ಪಿದ್ದಾರೆ. ಸಿನಾಪ್ಸಿಸ್ (ಪ್ರಬಂಧದ ಯೋಜನೆ) ಕೊಡುವ ಮೊದಲು ಕೆಲವು ಸಂಗತಿ ಖಚಿತ ಮಾಡಿಕೊಳ್ಳಬೇಕು.

ಕಣ್ಣಿಗೆ ಬಿದ್ದ ಯೋಗಗಳು ಎರಡು. ನೆಗಡಿಯ ಆರಂಭಕ್ಕೆ ಕೊಡುವ ಕಕ್ಕೊನ್ ತೋ, ಏಳು ದ್ರವ್ಯಗಳದ್ದು. ಇನ್ನೊಂದು ಮೀನಖಂಡ ಹಿಡಿದುಕೊಳ್ಳುವುದಕ್ಕೆ ಕೊಡುವ ಶಾಕುಯಾಕು ಕಾನ್ಜೋ ತೋ. ಇದರಲ್ಲಿ ಎರಡೇ ದ್ರವ್ಯ: ಪಿಯೋನಿ ಬೇರು ಮತ್ತು ಜ್ಯೇಷ್ಠಮಧು. ಎರಡನೆಯದು ಸುಲಭ ಅನಿಸುತ್ತಿದೆ. ಜ್ಯೇಷ್ಠಮಧು ಇಲ್ಲಿಯ ಅಂಗಡಿಯದ್ದೇ ತಂದರೆ ನಡೆಯುತ್ತದೆಯೇ? ಪಿಯೋನಿಗೆ ಬದಲಾಗಿ ನಮ್ಮ ಹಿಮಾಲಯದ ಪಿಯೋನಿಯಾ ಇಮೋಡಿ, ಯುನಾನಿಯವರ ಊದ್ ಸಲೀಬ್, ಬಳಸಬಹುದೇ? ಕಷಾಯ ಕಾಯಿಸುವಾಗ ನೀರು, ಹೊತ್ತು, ಪಾತ್ರೆ ಇವುಗಳ ನಿಯಮ ಏನು? ಎಚ್‌ಪಿಎಲ್‌ಸಿಯಲ್ಲಿ (ಸಾರದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ) ಯಾವುದನ್ನು ಅಳೆಯಬೇಕು? ಸಾಧ್ಯವಾದರೆ ಇಪ್ಪತ್ತು ರೋಗಿಗಳ ಮೇಲೂ ಪ್ರಯೋಗ ಮಾಡುವ ಆಸೆ ಇದೆ.

ಎಂ.ಡಿ. ಮುಗಿದ ಮೇಲೆ ಜಪಾನಿಗೆ ಹೋಗಿ ಓದುವ ದಾರಿ ಬಲ್ಲವರು ಇದ್ದರೆ ಅದನ್ನೂ ತಿಳಿಸಿ.

---

ಮಾಟುಂಗಾ_ಬೇರುನಾರು ಉತ್ತರ:

ಎರಡು ದ್ರವ್ಯಗಳ ಯೋಗವನ್ನೇ ಹಿಡಿಯಿರಿ. ಕಕ್ಕೊನ್ ತೋದಲ್ಲಿ ಎಫೆಡ್ರಾ ಉಂಟು. ಎಫೆಡ್ರಿನ್, ಸ್ಯೂಡೋಎಫೆಡ್ರಿನ್ ಎರಡೂ ನಮ್ಮಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ ಕೆಳಗೆ ನಿಯಂತ್ರಿತ ವಸ್ತುಗಳು. ಅಳತೆಗೆ ಬೇಕಾದ ಸ್ಟ್ಯಾಂಡರ್ಡ್ (ಹೋಲಿಸಲು ಬೇಕಾದ ಶುದ್ಧ ವಸ್ತು) ತರಿಸುವ ಕಾಗದಪತ್ರದಲ್ಲೇ ನಿಮ್ಮ ಒಂದು ಸೆಮಿಸ್ಟರ್ ಹೋದೀತು. ಮತ್ತೆ ಅದರ ಮುಖ್ಯ ಬೇರು ಪ್ಯುರೇರಿಯಾ ಲೋಬಾಟಾ. ನಮ್ಮ ಅಂಗಡಿಯಲ್ಲಿ ವಿದಾರಿಕಂದ ಅಂತ ಕೊಡುವುದು ಪ್ಯುರೇರಿಯಾ ಟ್ಯುಬೆರೋಸಾ, ಕೆಲವು ಕಡೆ ಐಪೋಮಿಯಾ ಜಾತಿಯ ನೆಲಗುಂಬಳ. ಯಾವುದನ್ನು ಹಾಕಿದರೂ ಅದು ಕಕ್ಕೊನ್ ತೋ ಆಗುವುದಿಲ್ಲ.

ಇದೇ ಮಾತು ಪಿಯೋನಿಗೂ. ಜಪಾನಿ ಫಾರ್ಮಕೋಪಿಯಾ (ಔಷಧಗಳ ಅಧಿಕೃತ ಗುಣಮಟ್ಟ ಗ್ರಂಥ) ಹೇಳುವ ಶಾಕುಯಾಕು ಅಂದರೆ ಪಿಯೋನಿಯಾ ಲ್ಯಾಕ್ಟಿಫ್ಲೋರಾದ ಬೇರು ಮಾತ್ರ, ಒಣ ತೂಕದಲ್ಲಿ ಪಿಯೋನಿಫ್ಲೋರಿನ್ ಕನಿಷ್ಠ ಶೇ. 2.0 ಇರಬೇಕು. ಇಮೋಡಿ ಬೇರೆ ಜಾತಿ. ಅದರ ಮೇಲೆ ಕೆಲಸ ಮಾಡಬಾರದು ಅಂತಲ್ಲ. ಬೇಕಿದ್ದರೆ ಮೂರನೆಯ ಗುಂಪಾಗಿ ಇಟ್ಟುಕೊಳ್ಳಿ. ಆದರೆ ಇಮೋಡಿ ಹಾಕಿದ ಕಷಾಯಕ್ಕೆ ಜಪಾನಿ ಹೆಸರು ಕೊಟ್ಟು, ಜಪಾನಿನ ರೋಗಿಗಳ ಮೇಲೆ ಬಂದ ಫಲಿತಾಂಶವನ್ನು ಅದಕ್ಕೆ ಅಂಟಿಸಬೇಡಿ. ಕಾಂಪೊ ಸಂಶೋಧನೆಗೆ ಬೆಲೆ ಬಂದದ್ದೇ ಜಾತಿ, ತೂಕ, ಸಾರ ಮೂರನ್ನೂ ಕಟ್ಟುನಿಟ್ಟಾಗಿ ಒಂದೇ ಕಡೆ ನಿಲ್ಲಿಸಿದ್ದರಿಂದ. ಅದನ್ನು ಸಡಿಲ ಬಿಟ್ಟರೆ ಹೋಲಿಸಲಿಕ್ಕೆ ಏನೂ ಉಳಿಯುವುದಿಲ್ಲ.

ಜ್ಯೇಷ್ಠಮಧು ವಿಷಯದಲ್ಲಿ ನಿಮಗೆ ಅನುಕೂಲ ಉಂಟು. ಅವರ ಫಾರ್ಮಕೋಪಿಯಾ ಗ್ಲೈಸಿರೈಜಾ ಯುರಾಲೆನ್ಸಿಸ್, ಗ್ಲೈಸಿರೈಜಾ ಗ್ಲಾಬ್ರಾ ಎರಡನ್ನೂ ಒಪ್ಪುತ್ತದೆ. ಗ್ಲೈಸಿರೈಜಿಕ್ ಆಮ್ಲ ಶೇ. 2.0ಕ್ಕಿಂತ ಕಡಿಮೆ ಇರಬಾರದು, ಅಷ್ಟೇ. ಇಲ್ಲಿಯದು ಗ್ಲಾಬ್ರಾ, ಅಂದರೆ ಜಾತಿಯ ಮಟ್ಟಿಗೆ ನಿಯಮದೊಳಗೆ. ಆದರೂ ಅಳೆಯದೆ ಒಳಗೆ ತಗೊಳ್ಳಬೇಡಿ. ಮಸ್ಜಿದ್ ಬಂದರಿನಲ್ಲಾಗಲಿ ಪುಣೆಯ ರವಿವಾರ ಪೇಟೆಯಲ್ಲಾಗಲಿ ಹಳೆಯ ಮಾಲು, ತೆಳು ಕವಲು ಬೇರು, ಕೆಲವೊಮ್ಮೆ ಗುಲಗಂಜಿ ಬೇರು ಕೂಡ ಸೇರಿರುತ್ತದೆ. ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ. ನಾರಿನ ಕಟ್ಟುಗಳ ಸುತ್ತ ಕ್ಯಾಲ್ಸಿಯಂ ಆಕ್ಸಲೇಟಿನ ಪ್ರಿಸಂ ಹರಳುಗಳು ಸಾಲಾಗಿ ಕಾಣಬೇಕು. ಜಾತಿ ಬೇರ್ಪಡಿಸಲಿಕ್ಕೆ ಗ್ಲಾಬ್ರಿಡಿನ್ ಕಂಡರೆ ಗ್ಲಾಬ್ರಾ, ಗ್ಲೈಸಿಕೂಮರಿನ್ ಕಂಡರೆ ಯುರಾಲೆನ್ಸಿಸ್, ಲೈಕೋಚಾಲ್ಕೋನ್ ಎ ಎದ್ದು ಕಂಡರೆ ಇನ್‌ಫ್ಲಾಟಾ. ಮೂರನೆಯದು ಅವರ ಪಟ್ಟಿಯಲ್ಲಿಲ್ಲ.

ಪಿಯೋನಿ ಬೇರು ತರಿಸುವಾಗ ಗಂಧಕದ ಹೊಗೆಯನ್ನು ಮರೆಯಬೇಡಿ. ಬೇರು ಬೆಳ್ಳಗೆ ಕಾಣಲಿ, ಹುಳು ಹತ್ತದಿರಲಿ ಅಂತ ಹೊಗೆ ಹಾಕುತ್ತಾರೆ. ಆಗ ಪಿಯೋನಿಫ್ಲೋರಿನ್‌ನ ಒಂದು ಪಾಲು ಪಿಯೋನಿಫ್ಲೋರಿನ್ ಸಲ್ಫೊನೇಟ್ ಆಗಿ ಬದಲಾಗುತ್ತದೆ. ಬೇರು ನೋಡಲು ಚೆಂದ, ಅಳತೆಯಲ್ಲಿ ಮಾತ್ರ ಕಡಿಮೆ. ಅತಿ ಬಿಳುಪು, ಹುಳಿ ವಾಸನೆ ಇದ್ದರೆ ವಾಪಸ್ ಕಳಿಸಿ. ಸರಬರಾಜು ಮಾಡುವವರಿಂದ ಸಲ್ಫರ್ ಡೈಆಕ್ಸೈಡ್ ಪ್ರಮಾಣದ ವರದಿ ಕೇಳಿ. ಗಿಡ ಗುರುತಿನ ಪತ್ರಕ್ಕೆ ಪುಣೆಯಲ್ಲೇ ಬೊಟಾನಿಕಲ್ ಸರ್ವೆಯ ಪಶ್ಚಿಮ ವಲಯ ಕೇಂದ್ರ ಉಂಟು, ಆಘಾರ್ಕರ್ ಸಂಸ್ಥೆ ಉಂಟು. ಹೂವು ಎಲೆ ಇರುವ ಹರ್ಬೇರಿಯಂ (ಒಣಗಿಸಿ ಅಂಟಿಸಿದ ಗಿಡದ) ಹಾಳೆ ಇದ್ದರೆ ಅವರ ಕೆಲಸ ಸಲೀಸು. ಹೊರದೇಶದಿಂದ ಬಂದ ಬರೀ ಬೇರಿನ ತುಂಡಿಗೆ ಅದು ಇರುವುದಿಲ್ಲವಾದ್ದರಿಂದ ಟಿಎಲ್‌ಸಿ (ತೆಳು ಪದರದ ಮೇಲೆ ಅಂಶ ಬೇರ್ಪಡಿಸುವ ಪರೀಕ್ಷೆ), ಎಚ್‌ಪಿಎಲ್‌ಸಿ, ಸಾಧ್ಯವಾದರೆ ಡಿಎನ್‌ಎ ಗುರುತು ಇವುಗಳನ್ನು ಸಿನಾಪ್ಸಿಸ್‌ನಲ್ಲೇ ಬರೆದುಬಿಡಿ.

ಇನ್ನು ಕಾಯಿಸುವುದು. ಜಪಾನಿ ಫಾರ್ಮಕೋಪಿಯಾದ ಸಾಮಾನ್ಯ ನಿಯಮ ಹೀಗೆ: ಒಂದು ದಿನದ ದ್ರವ್ಯಕ್ಕೆ 400ರಿಂದ 600 ಮಿ.ಲೀ. ನೀರು, 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾಯಿಸಿ ಸುಮಾರು ಅರ್ಧಕ್ಕೆ ಇಳಿಸುವುದು, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸುವುದು. ನಿಮ್ಮ ಯೋಗದಲ್ಲಿ ಪಿಯೋನಿ 6 ಗ್ರಾಂ, ಜ್ಯೇಷ್ಠಮಧು 6 ಗ್ರಾಂ. ನೀರು 500 ಗ್ರಾಂ ಅಂತ ತೂಕದಲ್ಲೇ ಹಾಕಿ. ಅರ್ಧವಾಯಿತೇ ಅಂತ ಕಣ್ಣಳತೆಯಲ್ಲಿ ನೋಡಬೇಡಿ, ಬೇರು ನೀರು ಹೀರಿಕೊಂಡು ಮಟ್ಟ ಮೋಸ ಮಾಡುತ್ತದೆ. ಪಾತ್ರೆ ಸಮೇತ ತೂಗಿಟ್ಟು 250 ಗ್ರಾಂ ಕಡಿಮೆಯಾದಾಗ ಇಳಿಸಿ. ಹೀಟಿಂಗ್ ಮ್ಯಾಂಟಲ್ ಮೇಲೆ 40ರಿಂದ 60 ನಿಮಿಷದಲ್ಲಿ ಅಷ್ಟು ಇಳಿಯುವ ಹಾಗೆ ಶಾಖ ಹೊಂದಿಸಿ, ಎಲ್ಲ ಬ್ಯಾಚಿಗೂ ಅದೇ ಹೊತ್ತು. ಬೋರ್‌ವೆಲ್ ನೀರು ಬೇಡವೇ ಬೇಡ, ಶುದ್ಧೀಕರಿಸಿದ ನೀರೇ ಆಗಬೇಕು. ಕಬ್ಬಿಣದ ಪಾತ್ರೆಯೂ ಬೇಡ: ಪಿಯೋನಿಯಲ್ಲಿ ಗ್ಯಾಲೋಟ್ಯಾನಿನ್ ಇರುವುದರಿಂದ ಕಷಾಯ ಮಸಿಯ ಹಾಗೆ ಕಪ್ಪಾಗುತ್ತದೆ. ಗಾಜು ಅಥವಾ ಸ್ಟೀಲ್ ಒಳ್ಳೆಯದು.

ಬೇರನ್ನು ನುಣ್ಣಗೆ ಪುಡಿ ಮಾಡುವುದು ಇಲ್ಲಿ ದೊಡ್ಡ ತೊಂದರೆ. ಪಿಯೋನಿಯಲ್ಲಿ ಹಿಟ್ಟಿನ ಅಂಶ ಜಾಸ್ತಿ. ಪುಡಿ ಮಾಡಿದರೆ ಗಂಜಿಯಾಗಿ ತಳ ಹಿಡಿಯುತ್ತದೆ, ಬಟ್ಟೆ ಕಟ್ಟಿಕೊಳ್ಳುತ್ತದೆ. ಮಧ್ಯಮ ಗಾತ್ರದ ತುಂಡುಗಳೇ ಇರಲಿ, ಹಿಟ್ಟು ಜರಡಿ ಹಿಡಿದು ತೆಗೆಯಿರಿ. ಸೋಸಿದ ಮೇಲೆ ಹಿಂಡುತ್ತೀರೋ ಇಲ್ಲವೋ ಅನ್ನುವುದನ್ನೂ ಮೊದಲೇ ಬರೆದಿಡಿ. ನಮ್ಮ ಶಾರ್ಙ್ಗಧರ ವಿಧಾನದಲ್ಲಿ ಇದು ಇನ್ನೂ ಮುಖ್ಯ. 12 ಗ್ರಾಂಗೆ 16 ಪಟ್ಟು, ಅಂದರೆ 192 ಮಿ.ಲೀ. ನೀರು ಹಾಕಿ ಎಂಟನೇ ಒಂದಕ್ಕೆ ಇಳಿಸಿದರೆ ಉಳಿಯುವುದು 24 ಮಿ.ಲೀ.; ಅದರಲ್ಲಿ ಬಹುಪಾಲು ಬೇರಿನೊಳಗೇ ಕೂತಿರುತ್ತದೆ. ಹಿಂಡಿದರೆ ಒಂದು ಉತ್ತರ, ಹಿಂಡದಿದ್ದರೆ ಬೇರೆಯೇ ಉತ್ತರ. ನಾಲ್ಕನೇ ಒಂದಕ್ಕೆ ಇಳಿಸುವ ಪದ್ಧತಿಯನ್ನೂ ಸೇರಿಸಿಕೊಂಡರೆ ಮೂರು ಗುಂಪಾಗುತ್ತದೆ, ಪ್ರಬಂಧಕ್ಕೂ ತೂಕ ಬರುತ್ತದೆ.

ಅಳೆಯಬೇಕಾದದ್ದು ಪಿಯೋನಿಫ್ಲೋರಿನ್ 232 ನ್ಯಾನೋಮೀಟರಿನಲ್ಲಿ, ಗ್ಲೈಸಿರೈಜಿಕ್ ಆಮ್ಲ 254ರಲ್ಲಿ. ಒಣ ಸಾರ 0.5 ಗ್ರಾಂ, ನೀರು ಮೆಥನಾಲ್ ಸಮಪಾಲಿನ ದ್ರವ 50 ಮಿ.ಲೀ., 15 ನಿಮಿಷ ಅಲುಗಾಡಿಸಿ ಸೋಸಿ. ಗ್ಲೈಸಿರೈಜಿಕ್ ಆಮ್ಲದಲ್ಲಿ ಮೂರು ಕಾರ್ಬಾಕ್ಸಿಲ್ ಗುಂಪುಗಳಿರುವುದರಿಂದ ಮೊಬೈಲ್ ಫೇಸಿಗೆ (ಯಂತ್ರದಲ್ಲಿ ಹರಿಸುವ ದ್ರವಕ್ಕೆ) ಅಸಿಟಿಕ್ ಅಥವಾ ಫಾಸ್ಫಾರಿಕ್ ಆಮ್ಲ ಹಾಕದಿದ್ದರೆ ಪೀಕಿಗೆ ಬಾಲ ಬಂದು ವಿಸ್ತೀರ್ಣ ಕೆಡುತ್ತದೆ. ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡರ್ಡ್ ಹೆಚ್ಚಾಗಿ ಮೊನೊಅಮೋನಿಯಂ ಲವಣ. ಅದರ ಅಣುತೂಕ 840, ಆಮ್ಲದ್ದು 823. ತೂಗಿದ್ದನ್ನು 0.98ರಿಂದ ಗುಣಿಸಿ, ತೇವಾಂಶವನ್ನೂ ಕಳೆಯಿರಿ.

ಲೆಕ್ಕ ಸರಿ ಉಂಟೋ ಅಂತ ನೋಡಲು ಎರಡು ಸುಲಭ ದಾರಿ. ನಿಮ್ಮ ಜ್ಯೇಷ್ಠಮಧುವಿನಲ್ಲಿ ಶೇ. 2.0 ಇದ್ದರೆ 6 ಗ್ರಾಂನಲ್ಲಿ ಇರುವುದೇ 120 ಮಿ.ಗ್ರಾಂ. ಕಷಾಯದಲ್ಲಿ ಅದಕ್ಕಿಂತ ಹೆಚ್ಚು ಬಂದರೆ ಪೀಕಿನ ಕೆಳಗೆ ಇನ್ನೇನೋ ಅಡಗಿದೆ. ಎರಡನೆಯದು: ತ್ಸುಮುರಾ ಕಂಪನಿಯ ಇದೇ ಯೋಗದ 7.5 ಗ್ರಾಂ ಹರಳಿನಲ್ಲಿ 12 ಗ್ರಾಂ ದ್ರವ್ಯದಿಂದ ಬಂದ 2.5 ಗ್ರಾಂ ಒಣ ಸಾರ ಇರುತ್ತದೆ, ಅಂದರೆ ಶೇ. 21ರ ಹತ್ತಿರ. ಫ್ರೀಜ್ ಡ್ರೈ ಮಾಡಿದಾಗ ನಿಮಗೆ 4 ಗ್ರಾಂ ಬಂದರೆ ಒಣಗಿಲ್ಲ ಅಥವಾ ಹಿಟ್ಟು ಜಾರಿದೆ ಅಂತ ತಿಳಿಯಿರಿ.

---

ವಾಸ್ಕೋ_ಕಷಾಯ ಉತ್ತರ:

ಮ್ಯಾಲಿನವ್ರು ಲ್ಯಾಬಿಂದು ಭಾಳ ಚೊಲೋ ಹೇಳ್ಯಾರ. ಪಿಯೋನಿ ತರಸೋದು ತಡಾ ಆದ್ರ ಇನ್ನೊಂದು ದಾರಿ ಐತಿ ನೋಡ್ರಿ, ನಮ್ಮ ಕೊಂಕಣದಾಗ ಕೈಗೆ ಸಿಗೋ ದಾರಿ.

ದಾಯ್‌ಕೆನ್‌ಚು ತೋ ಅಂತ ಒಂದು ಯೋಗ. ಹೊಟ್ಟಿ ಆಪರೇಷನ್ ಆದಮ್ಯಾಲೆ ಕರುಳು ಮಂದ ಬೀಳೂದಕ್ಕ ಜಪಾನಿನ ಸರ್ಜನ್ನರು ಭಾಳ ಬಳಸ್ತಾರ. ದಿನದ ಅಳತಿ: ಸಂಸ್ಕರಿಸಿದ ಶುಂಠಿ 5 ಗ್ರಾಂ, ಜಿನ್ಸೆಂಗ್ 3 ಗ್ರಾಂ, ಸಾನ್ಶೋ 2 ಗ್ರಾಂ, ಸೋಸಿದ ಮ್ಯಾಲೆ ಮಾಲ್ಟೋಸ್ 10 ಗ್ರಾಂ. ಈ ಸಾನ್ಶೋ ಅಂದ್ರ ಜಾಂತೊಕ್ಸೈಲಂ ಪೈಪೆರಿಟಂ ಹಣ್ಣಿನ ಸಿಪ್ಪಿ. ಗೋವಾದಾಗ ಬಂಗಡೆ ಹುಮಣಕ್ಕ ಹಾಕೋ ತಿರ್ಫಳ ಅದರ ದಾಯಾದಿ, ಜಾಂತೊಕ್ಸೈಲಂ ರೆಟ್ಸಾ. ಮಲೆನಾಡಿನಾಗ ಜುಮ್ಮನಕಾಯಿ ಅಂತಾರ. ಎರಡರಾಗೂ ಬೀಜ ಬಿಸಾಕೋದು, ಸಿಪ್ಪಿ ಇಟ್ಕೊಳ್ಳೋದು.

ಇದನ್ನ ಬದಲಿ ಅಂತ ಮಾಡಬ್ಯಾಡ್ರಿ, ಮ್ಯಾಲಿನವರ ಮಾತು ಇಲ್ಲೂ ಖರೇ. ಎರಡು ಸಿಪ್ಪಿ ಪಕ್ಕಪಕ್ಕ ಇಟ್ಟು ಹೋಲಿಸ್ರಿ. ನಾಲಿಗಿ ಜುಮ್ ಅನ್ನೋದು ಸಾನ್ಶೂಲ್ ಗುಂಪಿನಿಂದ, ಸಾನ್ಶೋದಾಗ ಮುಖ್ಯವಾದ್ದು ಹೈಡ್ರಾಕ್ಸಿ ಆಲ್ಫಾ ಸಾನ್ಶೂಲ್. ಅದು ಬೆಳಕಿಗೆ, ಗಾಳಿಗೆ ಲಗೂನ ಕೆಡತೈತಿ. ಪ್ಯಾಟ್ಯಾಗ ಗೋಣಿಚೀಲದಾಗ ವರ್ಷಗಟ್ಟಲೆ ಬಿದ್ದ ತಿರ್ಫಳ ತಂದು ಅಳದ್ರ ಏನೂ ಸಿಗಂಗಿಲ್ಲ. ಹೊಸಾ ಕಾಯಿ ತಂದು, ನೆರಳಾಗ ಒಣಗಿಸಿ, ಬೀಜ ಒಂದೊಂದೂ ಆರಿಸಿ, ಕಂದು ಬಣ್ಣದ ಬಾಟ್ಲಿಗೆ ಹಾಕಿ ಫ್ರೀಜರಿನಾಗ ಇಡ್ರಿ. ಬೀಜ ಉಳದ್ರ ಅದರ ಎಣ್ಣಿ ಕ್ರೊಮ್ಯಾಟೊಗ್ರಾಮ್ ಹೊಲಸು ಮಾಡತೈತಿ.

ಶುಂಠಿದೂ ಒಂದು ಮಾತು. ಜಪಾನಿನ ಶೋಕ್ಯೋ ಅಂದ್ರ ಹಂಗ ಒಣಗಿಸಿದ್ದು. ಈ ಯೋಗಕ್ಕ ಬೇಕಾದ್ದು ಕಾನ್‌ಕ್ಯೋ, ಬಿಸಿನೀರಿನಾಗ ಅದ್ದಿ ಇಲ್ಲಾ ಹಬಿಯೊಳಗ ಬೇಯಿಸಿ ಒಣಗಿಸಿದ್ದು. ಬಿಸಿ ತಾಗಿದಾಗ ಜಿಂಜೆರಾಲ್ ನೀರು ಕಳಕೊಂಡು ಶೋಗಾಲ್ ಆಗತೈತಿ, ಕಾರ ಏರತೈತಿ. ನಮ್ಮ ಅಂಗಡಿ ಒಣಶುಂಠಿ ತಂದು ಹಾಕಿದ್ರ ಯೋಗ ತಪ್ಪತೈತಿ. ಹಸಿಶುಂಠಿ ತಂದು ಹಬಿಯೊಳಗ ಬೇಯಿಸಿ ನೀವಽ ತಯಾರ ಮಾಡ್ರಿ, 6-ಶೋಗಾಲ್ ಅಳದು ತೋರಸ್ರಿ.

---

ಠಾಣೆ_ವೈದ್ಯ ಉತ್ತರ:

ರೋಗಿಗಳ ಮೇಲಿನ ಪ್ರಯೋಗವನ್ನು ಈ ಪ್ರಬಂಧದಿಂದ ತೆಗೆದುಹಾಕಿ ಎಂದು ನೇರವಾಗಿಯೇ ಹೇಳುತ್ತೇನೆ.

ಮೊದಲು ಕಾನೂನು. ನಮ್ಮ ಔಷಧ ಕಾಯ್ದೆಯಲ್ಲಿ ಆಯುರ್ವೇದ ಔಷಧ ಎಂದರೆ ಪಟ್ಟಿಯಲ್ಲಿ ಹೆಸರಿಸಿರುವ ಗ್ರಂಥಗಳ ಯೋಗಗಳು. ಪಿಯೋನಿ–ಜ್ಯೇಷ್ಠಮಧು ಕಷಾಯ ಅದರೊಳಗೆ ಬರುವುದಿಲ್ಲ. ಕಾಲೇಜಿನ ನೈತಿಕ ಸಮಿತಿ ಒಪ್ಪಿದರೆ ಸಾಕಾಗದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಶ್ನೆ ಏಳುತ್ತದೆ, ಕೇಂದ್ರ ಔಷಧ ನಿಯಂತ್ರಕರನ್ನು ಕೇಳಬೇಕಾಗುತ್ತದೆ, ಸಿಟಿಆರ್‌ಐನಲ್ಲಿ (ದೇಶದ ಕ್ಲಿನಿಕಲ್ ಟ್ರಯಲ್ ದಾಖಲೆ ಪಟ್ಟಿಯಲ್ಲಿ) ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ನೋಂದಣಿ ಆಗಬೇಕು. ಎಂ.ಡಿ. ಅವಧಿಯಲ್ಲಿ ಇದು ಮುಗಿಯುವ ಕೆಲಸವಲ್ಲ.

ಎರಡನೆಯದು ಸುರಕ್ಷತೆ, ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲಿ. ದಿನಕ್ಕೆ 6 ಗ್ರಾಂ ಜ್ಯೇಷ್ಠಮಧು ಸಣ್ಣ ಪ್ರಮಾಣವಲ್ಲ. ಜಪಾನಿನಲ್ಲಿ ದಿನಕ್ಕೆ 2.5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಜ್ಯೇಷ್ಠಮಧು ಇರುವ ಔಷಧಗಳನ್ನು ಆಲ್ಡೊಸ್ಟೆರೋನಿಸಂ (ದೇಹದಲ್ಲಿ ಉಪ್ಪು ಹಿಡಿದಿಡುವ ಆಲ್ಡೊಸ್ಟೆರೋನ್ ಹಾರ್ಮೋನು ಹೆಚ್ಚಾಗುವುದು), ಮಯೋಪಥಿ (ಸ್ನಾಯು ರೋಗ), ಪೊಟ್ಯಾಶಿಯಂ ಕೊರತೆ ಇರುವವರಿಗೆ ಕೊಡಬಾರದು ಎಂದು ಲೇಬಲ್ಲಿನಲ್ಲೇ ಬರೆದಿರುತ್ತದೆ. ಗ್ಲೈಸಿರೈಜಿನ್, ಅಂದರೆ ಮೇಲೆ ಹೇಳಿದ ಗ್ಲೈಸಿರೈಜಿಕ್ ಆಮ್ಲ, ಕರುಳಿನ ಬ್ಯಾಕ್ಟೀರಿಯಾಗಳಿಂದ ಗ್ಲೈಸಿರೆಟಿನಿಕ್ ಆಮ್ಲವಾಗುತ್ತದೆ. ಅದೂ ಅದರಿಂದ ಹುಟ್ಟುವ ವಸ್ತುಗಳೂ ಮೂತ್ರಪಿಂಡದ 11-ಬೀಟಾ-ಎಚ್‌ಎಸ್‌ಡಿ2 ಕಿಣ್ವವನ್ನು ತಡೆಯುತ್ತವೆ. ಕಾರ್ಟಿಸಾಲ್ ಕಾರ್ಟಿಸೋನ್ ಆಗದೆ ಉಳಿದು ಆಲ್ಡೊಸ್ಟೆರೋನಿನ ಕೆಲಸ ಮಾಡತೊಡಗುತ್ತದೆ. ರಕ್ತದೊತ್ತಡ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ, ಕಾಲು ಊದುತ್ತದೆ. ಪರೀಕ್ಷೆ ಮಾಡಿದರೆ ರೆನಿನ್, ಆಲ್ಡೊಸ್ಟೆರೋನ್ ಎರಡೂ ಕಡಿಮೆ. ಈ ಯೋಗದಲ್ಲಿ ವಿಶೇಷ ಅಪಾಯ ಒಂದಿದೆ. ಕೊಡುವುದು ಸ್ನಾಯು ಸೆಳೆತಕ್ಕೆ, ಪೊಟ್ಯಾಶಿಯಂ ಇಳಿದಾಗ ಬರುವುದೂ ಕಾಲಿನ ಸೋಲು, ಸೆಳೆತ. ರೋಗ ಹೆಚ್ಚಾಯಿತೆಂದು ಪ್ರಮಾಣ ಏರಿಸಿದರೆ ಪರಿಸ್ಥಿತಿ ಕೈಮೀರುತ್ತದೆ. ಅದಕ್ಕೇ ಅಲ್ಲಿನ ಅನುಭವಿ ವೈದ್ಯರು ಇದನ್ನು ಸೆಳೆತ ಬಂದಾಗ ಅಥವಾ ಮಲಗುವ ಮುನ್ನ ಒಂದು ಪೊಟ್ಟಣ, ಅದೂ ಸ್ವಲ್ಪ ದಿನ ಮಾತ್ರ ಎಂದು ಕೊಡುತ್ತಾರೆ. ವಯಸ್ಸಾದ, ತೆಳ್ಳಗಿನ ಹೆಂಗಸರು, ಮೂತ್ರ ಹೆಚ್ಚಿಸುವ ಫ್ಯುರೊಸೆಮೈಡ್ ಅಥವಾ ಥಯಾಜೈಡ್ ತಗೊಳ್ಳುವವರು ಬಹಳ ಜಾಗ್ರತೆ. ನಮ್ಮಲ್ಲಂತೂ ರೋಗಿ ಮನೆಯಲ್ಲೇ ಕೆಮ್ಮಿಗೆ ಜ್ಯೇಷ್ಠಮಧು ಕಾಢಾ ಕುಡಿಯುತ್ತಿರುತ್ತಾನೆ, ಆಮ್ಲಪಿತ್ತಕ್ಕೆ ಚೂರ್ಣ ತಿನ್ನುತ್ತಿರುತ್ತಾನೆ. ಕೇಳದ ಹೊರತು ಹೇಳುವುದಿಲ್ಲ.

ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯ ಎಂಬ ನಂಬಿಕೆಗೆ ಜಪಾನ್ ದೊಡ್ಡ ಬೆಲೆ ತೆತ್ತಿದೆ. ಶೋ ಸಾಯ್ಕೋ ತೋ ಎಂಬ ಯೋಗವನ್ನು ದೀರ್ಘಕಾಲದ ಯಕೃತ್ ಉರಿಯೂತಕ್ಕೆ ದೇಶದ ತುಂಬಾ ಬರೆಯುತ್ತಿದ್ದರು. ಅದರಿಂದ ಶ್ವಾಸಕೋಶದ ಇಂಟರ್‌ಸ್ಟಿಷಿಯಲ್ ನ್ಯುಮೋನಿಯಾ ಕಾಣಿಸಿಕೊಂಡಿತು. 1994ರಲ್ಲಿ ಇಂಟರ್‌ಫೆರಾನ್ ಜೊತೆ ಕೊಡಬಾರದೆಂದು ನಿಷೇಧ ಬಂತು, 1996ರ ಮಾರ್ಚಿನಲ್ಲಿ ಹತ್ತು ಸಾವುಗಳ ವರದಿಯ ಮೇಲೆ ಸರ್ಕಾರ ತುರ್ತು ಎಚ್ಚರಿಕೆ ಹೊರಡಿಸಿತು. ಗಾರ್ಡೇನಿಯಾ ಹಣ್ಣಿರುವ ಯೋಗಗಳನ್ನು ವರ್ಷಾನುಗಟ್ಟಲೆ ತಗೊಂಡವರಲ್ಲಿ ದೊಡ್ಡಕರುಳಿನ ರಕ್ತನಾಳ ಗಟ್ಟಿಯಾಗುವ ಕಾಯಿಲೆ ಕಂಡಿದೆ.

ಪ್ರಯೋಗದ ವಿನ್ಯಾಸ ಕಲಿಯಲು ಸೋತ ಪ್ರಯೋಗಗಳನ್ನೇ ಓದಿ. ಆಕ್ಸಾಲಿಪ್ಲಾಟಿನ್ ಕೀಮೋದಿಂದ ಬರುವ ಕೈಕಾಲು ಜೋಮಿಗೆ ಗೋಶಾ ಜಿಂಕಿ ಗನ್ ಒಳ್ಳೆಯದೆಂದು ಸಣ್ಣ ಅಧ್ಯಯನಗಳು ಆಸೆ ಹುಟ್ಟಿಸಿದ್ದವು. ಪ್ಲಸೀಬೊ (ಔಷಧವಿಲ್ಲದ ಹುಸಿ ಮದ್ದು) ಇಟ್ಟು ಮಾಡಿದ ಮೂರನೇ ಹಂತದ ಜೀನಿಯಸ್ ಪ್ರಯೋಗ, 2015ರಲ್ಲಿ ಪ್ರಕಟವಾದದ್ದು, ನಡುವೆಯೇ ನಿಂತಿತು. ತಡೆಯುವ ಗುಣ ಕಾಣಲಿಲ್ಲ. ಆ ಫಲಿತಾಂಶವನ್ನು ಅವರೇ ಪ್ರಕಟಿಸಿದರು. ಇಂಥ ಧೈರ್ಯ ನಮ್ಮ ಪ್ರಬಂಧಗಳಲ್ಲೂ ಬರಬೇಕು.

ಪ್ಲಸೀಬೊ ಇಲ್ಲಿ ನಿಜವಾದ ತಲೆನೋವು. ಜ್ಯೇಷ್ಠಮಧುವಿನ ಸಿಹಿ, ಶುಂಠಿಯ ಕಾರ ನಾಲಿಗೆಗೆ ಗೊತ್ತಾಗಿಬಿಡುತ್ತದೆ. ಜೊತೆಗೆ ಕಾಂಪೊದಲ್ಲಿ ಔಷಧ ಆರಿಸುವುದು ರೋಗದ ಹೆಸರಿನಿಂದಷ್ಟೇ ಅಲ್ಲ, ಶೋ ಎಂಬ ಲಕ್ಷಣಕೂಟದಿಂದ: ಬಲ–ದೌರ್ಬಲ್ಯ, ಶೀತ–ಉಷ್ಣ, ಹೊಟ್ಟೆ ಮುಟ್ಟಿ ನೋಡುವ ಫುಕುಶಿನ್. ಪಕ್ಕೆಲುಬಿನ ಕೆಳಗೆ ಬಿಗಿತ, ಮೇಲ್ಹೊಟ್ಟೆಯ ಗಟ್ಟಿತನ, ಹೊಕ್ಕುಳಿನ ಕೆಳಗೆ ಸಡಿಲ, ತಟ್ಟಿದರೆ ನೀರಿನ ಸದ್ದು, ಒಂದೊಂದೂ ಒಂದು ಯೋಗದ ಕಡೆ ಬೊಟ್ಟು ಮಾಡುತ್ತದೆ. ನಿಮ್ಮ ಯೋಗಕ್ಕೆ ಹೊಟ್ಟೆಯ ನೇರ ಸ್ನಾಯುಗಳ ಬಿಗಿತ ಒಂದು ಸುಳಿವು. ಇಬ್ಬರು ವೈದ್ಯರು ಒಂದೇ ಹೊಟ್ಟೆ ಮುಟ್ಟಿ ಒಂದೇ ಉತ್ತರ ಕೊಡುತ್ತಾರೆಯೇ ಎಂಬುದನ್ನು ಅಳೆದ ಮೇಲೆಯೇ ಅದನ್ನು ಪ್ರಯೋಗದ ಅರ್ಹತಾ ಮಾನದಂಡ ಮಾಡಬೇಕು. ನಮ್ಮ ಪ್ರಕೃತಿ ಪರೀಕ್ಷೆಗೂ ಇದೇ ಸವಾಲು ಇದೆಯಲ್ಲ? ಮುಂದೆ ಪಿಎಚ್.ಡಿ. ಮಾಡುವಿರಾದರೆ ಇದೊಂದೇ ವಿಷಯ ಸಾಕಾಗುತ್ತದೆ.

---

ಡೆಕ್ಕನ್_ನಿಹೊಂಗೊ ಉತ್ತರ:

ಓದಿನ ದಾರಿ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಮೊದಲಿಗೆ ಒಂದು ಭ್ರಮೆ ಬಿಡಬೇಕು. ಜಪಾನಿನಲ್ಲಿ ನಮ್ಮ ಆಯುರ್ವೇದ ಪದವಿ ಬಿಎಎಂಎಸ್ ಥರ ಕಾಂಪೊಗೆ ಬೇರೆ ಪದವಿ ಇಲ್ಲ, ಬೇರೆ ಲೈಸೆನ್ಸೂ ಇಲ್ಲ. 1874ರಲ್ಲಿ ಮೇಜಿ ಸರ್ಕಾರ ವೈದ್ಯ ಪರವಾನಗಿಯನ್ನು ಪಾಶ್ಚಾತ್ಯ ವೈದ್ಯಕ್ಕೆ ಕಟ್ಟಿತು. 1895ರಲ್ಲಿ ಕಾಂಪೊ ವೈದ್ಯರ ಮಸೂದೆ ಸಂಸತ್ತಿನಲ್ಲಿ ಬಿದ್ದುಹೋಯಿತು. ಆಮೇಲೆ ಅದು ಉಳಿದದ್ದು ಆಧುನಿಕ ವೈದ್ಯರ ಕೈಯಲ್ಲೇ. 1950ರಲ್ಲಿ ಜಪಾನ್ ಪೌರ್ವಾತ್ಯ ವೈದ್ಯ ಸಂಘ ಹುಟ್ಟಿತು, 1967ರಲ್ಲಿ ರಾಷ್ಟ್ರೀಯ ವಿಮೆ ನಾಲ್ಕು ಸಾರಗಳನ್ನು ಒಪ್ಪಿತು, 1976ರಲ್ಲಿ ಪಟ್ಟಿ ದೊಡ್ಡದಾಯಿತು, ಈಗ 148 ಯೋಗಗಳಿವೆ. 2001ರಲ್ಲಿ ವೈದ್ಯಕೀಯ ಶಿಕ್ಷಣದ ಮಾದರಿ ಪಠ್ಯಕ್ರಮಕ್ಕೆ ಸೇರಿದ ಮೇಲೆ ಎಲ್ಲ ವೈದ್ಯಕೀಯ ಕಾಲೇಜುಗಳಲ್ಲೂ ಕಾಂಪೊ ಕಲಿಸುತ್ತಾರೆ. ಆದರೆ ಅದು ಕೆಲವೇ ತರಗತಿಗಳು. ಆಳವಾಗಿ ಕಲಿಯುವುದು ಅಲ್ಲಿನ ಆಧುನಿಕ ವೈದ್ಯ ಪದವಿ ಆದ ಮೇಲೆ, ಸಂಘದ ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ, ತಜ್ಞ ಪದವಿಗಾಗಿ. ಅಂದರೆ ಬಿಎಎಂಎಸ್ ಇಟ್ಟುಕೊಂಡು ಅಲ್ಲಿ ರೋಗಿ ನೋಡಲು ಆಗುವುದಿಲ್ಲ. ಹೋಗುವುದಾದರೆ ಸಂಶೋಧನೆಗೆ ಹೋಗಿ.

ನಿಮ್ಮ ವಿಷಯಕ್ಕೆ ಮೊದಲು ನೋಡಬೇಕಾದದ್ದು ತೋಯಾಮಾ ವಿಶ್ವವಿದ್ಯಾಲಯದ ವಾಕಾನ್ ಯಾಕು (ಸಾಂಪ್ರದಾಯಿಕ ಔಷಧ) ಸಂಸ್ಥೆ. ಅಲ್ಲಿನ ಔಷಧ ದ್ರವ್ಯ ಸಂಗ್ರಹಾಲಯದಲ್ಲಿ ಸುಮಾರು 30 ಸಾವಿರ ಮಾದರಿಗಳಿವೆ, ಆಯುರ್ವೇದ, ಯುನಾನಿ ದ್ರವ್ಯಗಳೂ ಸೇರಿ. ಟೋಕಿಯೋದಲ್ಲಿ ಕಿಟಾಸಾಟೊದ ಪೌರ್ವಾತ್ಯ ವೈದ್ಯ ಸಂಶೋಧನಾ ಕೇಂದ್ರ 1972ರಲ್ಲಿ ಶುರುವಾದದ್ದು. ಚಿಕಿತ್ಸೆ, ಹಳೆಯ ಗ್ರಂಥಗಳ ಅಧ್ಯಯನ ಎರಡೂ ಅಲ್ಲಿ ನಡೆದು ಬಂದಿವೆ. ದ್ರವ್ಯಗುಣದವರಿಗೆ ಇಷ್ಟವಾಗುವ ಸಂಗತಿ ಒಂದನ್ನು ಹೇಳಲೇಬೇಕು: ನಾರಾದ ಶೋಸೋಇನ್ ಭಂಡಾರಕ್ಕೆ 756ರಲ್ಲಿ ಅರಸಿ ಕೋಮ್ಯೋ ಅರ್ಪಿಸಿದ 60 ಔಷಧಗಳ ಪಟ್ಟಿಯಲ್ಲಿ ನಮ್ಮ ಅಳಲೆಕಾಯಿ, ಹಿಪ್ಪಲಿ ಇವೆ.

ಹಣಕ್ಕೆ ಜಪಾನ್ ಸರ್ಕಾರದ ಮೆಕ್ಸ್ಟ್ (ಅಲ್ಲಿನ ಶಿಕ್ಷಣ ಸಚಿವಾಲಯ) ವಿದ್ಯಾರ್ಥಿವೇತನ. ಸಂಶೋಧನಾ ವಿದ್ಯಾರ್ಥಿ ವಿಭಾಗಕ್ಕೆ ವಯಸ್ಸು 35ರೊಳಗೆ. ರಾಯಭಾರ ಕಚೇರಿಯ ದಾರಿಯ ಅರ್ಜಿ ಸಾಮಾನ್ಯವಾಗಿ ಏಪ್ರಿಲ್–ಮೇ ಸುಮಾರಿಗೆ. ಮಾಹಿತಿಗೆ ಮುಂಬೈಯಲ್ಲೇ ಜಪಾನ್ ಕಾನ್ಸುಲೇಟ್ ಇದೆ. ಅದಕ್ಕೂ ಬಹಳ ಮೊದಲೇ ಪ್ರಾಧ್ಯಾಪಕರಿಗೆ ಬರೆಯಿರಿ. ಎರಡು ಪುಟದ ಯೋಜನೆ ಸಾಕು, ಆದರೆ ಅದರಲ್ಲಿ ಮೇಲೆ ಮಾಟುಂಗಾದವರು ಕೊಟ್ಟಂಥ ಅಂಕಿಗಳು ಇರಬೇಕು; ‘ಎರಡು ಪ್ರಾಚೀನ ಪರಂಪರೆಗಳ ಸೇತುವೆ’ ಅಂತ ಬರೆದ ಪತ್ರಗಳಿಗೆ ಉತ್ತರ ಬರುವುದು ಕಷ್ಟ. ನಾಲ್ಕು ವರ್ಷದ ವೈದ್ಯಕೀಯ ಡಾಕ್ಟರೇಟ್ ಬೇಕಿದ್ದರೆ ಬಿಎಎಂಎಸ್ ಅನ್ನು ಒಪ್ಪುತ್ತಾರೋ ಎಂಬ ಅರ್ಹತಾ ಪರಿಶೀಲನೆಯನ್ನು ಆಯಾ ವಿಶ್ವವಿದ್ಯಾಲಯವೇ ಮಾಡುತ್ತದೆ, ಮೊದಲೇ ಲಿಖಿತದಲ್ಲಿ ಕೇಳಿ.

ಭಾಷೆಗೆ ನೀವಿರುವ ಊರಿಗಿಂತ ಒಳ್ಳೆಯ ಊರಿಲ್ಲ. ರಾನಡೆ ಇನ್‌ಸ್ಟಿಟ್ಯೂಟ್, ಟಿಳಕ್ ಮಹಾರಾಷ್ಟ್ರ ವಿದ್ಯಾಪೀಠ ಎರಡರಲ್ಲೂ ಜಪಾನಿ ಕೋರ್ಸುಗಳಿವೆ, ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿಯನ್ನು ಜುಲೈ ಮತ್ತು ಡಿಸೆಂಬರಿನಲ್ಲಿ ಇಲ್ಲೇ ಬರೆಯಬಹುದು. ಲ್ಯಾಬಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಹೊರರೋಗಿ ವಿಭಾಗದಲ್ಲಿ ಕೂತು ನೋಡಬೇಕೆಂದರೆ ಆ ಪರೀಕ್ಷೆಯ ಎನ್2 ಮಟ್ಟವಾದರೂ ಬೇಕು. ದ್ರವ್ಯಗಳ ಹೆಸರಿನ ಕಾಂಜಿಗಳನ್ನು (ಚೀನೀ ಮೂಲದ ಲಿಪಿ ಚಿಹ್ನೆಗಳನ್ನು) ಈಗಿನಿಂದಲೇ ಕಲಿಯಲು ಶುರು ಮಾಡಿ, ಔಷಧದ ಲೇಬಲ್ ಓದಲು ಅಷ್ಟೇ ಸಾಕಾಗುತ್ತದೆ.

ಇನ್ನೊಂದು ವಿಷಯ, ಬಹಳ ಜನ ಎಡವುವುದು ಇಲ್ಲೇ. ಸೂಟ್‌ಕೇಸಿನಲ್ಲಿ ಇಲ್ಲಿಯ ಗಿಡಮೂಲಿಕೆ ಮಾದರಿ ಹಾಕಿಕೊಂಡು ಹೋಗಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊರದೇಶದ ಸಂಸ್ಥೆ ಸಂಶೋಧನೆಗೆ ನಮ್ಮ ಜೈವಿಕ ಸಂಪನ್ಮೂಲ ಪಡೆಯಲು ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಮುಂಚಿತ ಅನುಮತಿ ಬೇಕು. ಜಪಾನ್ 2017ರಿಂದ ಜೈವಿಕ ಸಂಪನ್ಮೂಲ ಹಂಚಿಕೆಯ ನಗೋಯಾ ಒಪ್ಪಂದದ ಸದಸ್ಯ, ಹಾಗಾಗಿ ಅಲ್ಲಿನ ಲ್ಯಾಬೂ ಕಾಗದ ಕೇಳುತ್ತದೆ. ಕೋಷ್ಠದಂಥ ಗಿಡ, ಅಂದರೆ ಅವರ ಮೊಕ್ಕೋ, ಅಳಿವಿನಂಚಿನ ಜೀವಿಗಳ ವ್ಯಾಪಾರ ಒಪ್ಪಂದ ಸೈಟಿಸ್‌ನ ಮೊದಲ ಅನುಬಂಧದಲ್ಲಿದೆ. ಅದಕ್ಕೆ ಬೇರೆಯೇ ಪರವಾನಗಿ.

---

ದ್ರವ್ಯಗುಣ_ಕೋಥ್ರೂಡ್ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ರೋಗಿಗಳ ಭಾಗ ಕೈಬಿಟ್ಟೆ. ಪಿಯೋನಿ–ಜ್ಯೇಷ್ಠಮಧು, ಮೂರು ಕಾಯಿಸುವ ವಿಧಾನ ಅಂತ ನಿಶ್ಚಯಿಸಿದ್ದೇನೆ. ಮಾಟುಂಗಾದವರಿಗೆ ಎರಡು ಪ್ರಶ್ನೆ. ಎಷ್ಟು ಬ್ಯಾಚ್ ಮಾಡಿದರೆ ಸಾಕು? ಮತ್ತೆ ಎರಡನ್ನೂ ಬೇರೆ ಬೇರೆ ಕಾಯಿಸಿ ಆಮೇಲೆ ಬೆರೆಸಿದರೆ ಆಗುತ್ತದೆಯೇ? ಎಚ್‌ಪಿಎಲ್‌ಸಿ ಸಲೀಸಾಗುತ್ತದೆ.

---

ಮಾಟುಂಗಾ_ಬೇರುನಾರು ಉತ್ತರ:

ಬೇರೆ ಬೇರೆ ಕಾಯಿಸುವುದನ್ನು ಮುಖ್ಯ ವಿಧಾನ ಮಾಡಬೇಡಿ. ಒಟ್ಟಿಗೆ ಕಾಯಿಸಿದಾಗ ಒಂದರ ಸಾರ ಇನ್ನೊಂದರ ಕರಗುವಿಕೆಯನ್ನು ಬದಲಿಸುತ್ತದೆ. ಗ್ಲೈಸಿರೈಜಿನ್ ಆಮ್ಲೀಯ ಸಪೋನಿನ್. ಕಷಾಯದ ಪಿಎಚ್ ಇಳಿದರೆ ಅದು ಕಡಿಮೆ ಕರಗುತ್ತದೆ. ಬರ್ಬೆರಿನ್ ಇರುವ ಕೋಪ್ಟಿಸ್ ಬೇರನ್ನು ಜ್ಯೇಷ್ಠಮಧುವಿನ ಜೊತೆ ಕಾಯಿಸಿದರೆ ಎರಡೂ ಸೇರಿ ಗಷ್ಟು ಕಟ್ಟುತ್ತದೆ. ಅಂಥ ಕಷಾಯವನ್ನು ತಣ್ಣಗಾದ ಮೇಲೆ ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿದರೆ ಔಷಧವೇ ಕಸದ ಬುಟ್ಟಿಗೆ. ಬಿಸಿಯಾಗಿಯೇ ಬಟ್ಟೆಯಲ್ಲಿ ಸೋಸಬೇಕು ಅನ್ನುವ ನಿಯಮವನ್ನು ಮುರಿಯಬಾರದು ಅನ್ನುವುದು ಅದಕ್ಕೇ. ನಿಮ್ಮ ಯೋಗದಲ್ಲಿ ಬೇರೆ ಬೇರೆ ಕಾಯಿಸಿ ಬೆರೆಸಿದ್ದನ್ನು ನಾಲ್ಕನೆಯ ಗುಂಪಾಗಿ ಇಟ್ಟರೆ ಒಟ್ಟಿಗೆ ಕಾಯಿಸಿದ್ದರಿಂದ ಏನು ಬದಲಾಯಿತು ಅಂತ ಗೊತ್ತಾಗುತ್ತದೆ. ಪ್ರತಿ ಗುಂಪಿನ ಪಿಎಚ್ ತಪ್ಪದೆ ಬರೆಯಿರಿ.

ಬೇರೆ ಬೇರೆ ಲಾಟಿನ (ಬೇರೆ ಬೇರೆ ಸಲ ಬಂದ ಸರಕಿನ) ದ್ರವ್ಯ ಕನಿಷ್ಠ ಮೂರು, ಪ್ರತಿ ಲಾಟಿನಿಂದ ಪ್ರತಿ ವಿಧಾನಕ್ಕೆ ಮೂರು ಕಷಾಯ. ಒಂದೇ ಚೀಲದ ಬೇರನ್ನು ಒಂಬತ್ತು ಸಲ ಕಾಯಿಸಿದರೆ ನಿಮ್ಮ ಕೈ ಎಷ್ಟು ಸ್ಥಿರ ಅಂತ ತಿಳಿಯುತ್ತದೆಯೇ ಹೊರತು ವಿಧಾನದ ಬಗ್ಗೆ ಏನೂ ತಿಳಿಯುವುದಿಲ್ಲ. ಫಲಿತಾಂಶವನ್ನು ಮಿ.ಲೀ. ಲೆಕ್ಕದಲ್ಲಿ ಕೊಡಬೇಡಿ, ಒಂದು ದಿನದ ದ್ರವ್ಯದಿಂದ ಕಷಾಯಕ್ಕೆ ಬಂದ ಒಟ್ಟು ಮಿಲಿಗ್ರಾಂ, ಮತ್ತು ಬೇರಿನಲ್ಲಿ ಇದ್ದದ್ದರ ಶೇಕಡಾ ಎಷ್ಟು ಇಳಿದು ಬಂತು ಅಂತ ಕೊಡಿ. ಇಲ್ಲದಿದ್ದರೆ 24 ಮಿ.ಲೀ. ಕ್ವಾಥ 250 ಮಿ.ಲೀ. ಕಷಾಯಕ್ಕಿಂತ ಹತ್ತು ಪಟ್ಟು ಬಲಶಾಲಿ ಅಂತ ಕಾಣಿಸೀತು. ಜಪಾನಿನಲ್ಲಿ 1985ರ ಮಾರ್ಗಸೂಚಿ ಕಂಪನಿಗಳಿಗೆ ಹೇಳಿದ್ದೂ ಇಂಥದ್ದೇ ಲೆಕ್ಕ: ಕನಿಷ್ಠ ಎರಡು ಸೂಚಕ ಅಂಶಗಳನ್ನು ಅಳೆದು, ಒಣ ಸಾರದಲ್ಲಿ ಅವು ಪ್ರಮಾಣಿತ ಕಷಾಯದ ಶೇ. 70ಕ್ಕಿಂತ ಕಡಿಮೆ ಇರಬಾರದು. ನಿಮ್ಮ ಮೂರು ವಿಧಾನಗಳನ್ನೂ ಇದೇ ಅಳತೆಗೋಲಿನಲ್ಲಿ ನಿಲ್ಲಿಸಿ.

ಮಳೆಗಾಲದಲ್ಲಿ ಫ್ರೀಜ್ ಡ್ರೈ ಪುಡಿ ಬಾಟ್ಲಿ ತೆರೆದ ಕ್ಷಣಕ್ಕೇ ಅಂಟುಂಡೆಯಾಗುತ್ತದೆ. ಒಂದು ಸಲದ ತೂಕಕ್ಕೆ ಬೇಕಾದಷ್ಟೇ ಸಣ್ಣ ವಯಲುಗಳಿಗೆ ತುಂಬಿ, ಸಿಲಿಕಾ ಜೆಲ್ ಡಬ್ಬಿಯಲ್ಲಿ ಮೈನಸ್ 20ರಲ್ಲಿಡಿ, ಕೋಣೆಯ ಶಾಖಕ್ಕೆ ಬಂದ ಮೇಲೆಯೇ ಮುಚ್ಚಳ ತೆಗೆಯಿರಿ. ತೇವಾಂಶವನ್ನು ತೂಗುವ ದಿನವೇ ಅಳೆಯಿರಿ. ಪ್ರತಿ ಲಾಟಿನ ಬೇರು 50 ಗ್ರಾಂ ಎತ್ತಿಡಿ. ವೈವಾದಲ್ಲಿ ಪರೀಕ್ಷಕರು ಮೊದಲು ಕೇಳುವುದು ಅದನ್ನೇ.